ದಿಂಬು, ಕಂಬಳಿ, ಗೋಡೆ: ‘ಏನೂ ಮಾಡದ’ ಯೋಗದ ಮೊದಲ ಪಾಠ

ಯೋಗ ಅಂದಕೂಡಲೇ ನೆನಪಾಗುವುದು ಜೂನ್ 21ರ ಫೋಟೊಗಳು: ಮೈದಾನ, ಸಾಲು ಸಾಲು ಮ್ಯಾಟ್, ವೇದಿಕೆ ಮೇಲೆ ಮಂತ್ರಿಗಳು. ರೆಸ್ಟೋರೇಟಿವ್ ಯೋಗದಲ್ಲಿ ಫೋಟೊಗೆ ಸಿಗುವಂಥದ್ದು ಏನೂ ನಡೆಯಲ್ಲ. ಗಂಟೆಯ ಕ್ಲಾಸಿನಲ್ಲಿ ನಾಲ್ಕೈದು ಆಸನ, ಒಂದೊಂದರಲ್ಲೂ 5ರಿಂದ 15 ನಿಮಿಷ. ಮೈಭಾರವನ್ನೆಲ್ಲ ದಿಂಬು, ಮಡಚಿದ ಕಂಬಳಿ, ಗೋಡೆ ಹೊರುತ್ತವೆ.

ಇದರ ಬೇರು ನಮ್ಮ ಕೋಲಾರದ ಬೆಳ್ಳೂರಿಗೂ ಹೋಗುತ್ತದೆ. 1918ರಲ್ಲಿ ಅಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಮಲೇರಿಯಾ, ಟೈಫಾಯ್ಡ್, ಕ್ಷಯದಿಂದ ನರಳಿದ ಹುಡುಗ. ಮೈಸೂರಿನಲ್ಲಿ ಭಾವ ಟಿ. ಕೃಷ್ಣಮಾಚಾರ್ಯರ ಬಳಿ ಕಲಿತರು. ಮುಂದೆ ಪುಣೆಯಲ್ಲಿ ಕಲಿಸುವಾಗ, ಬಗ್ಗದ, ಬಳಲಿದ ದೇಹಗಳಿಗೂ ಆಸನ ಎಟುಕಲಿ ಅಂತ ಹಗ್ಗ, ಮರದ ತುಂಡು, ಕುರ್ಚಿ ಬಳಸಿದರು. ಅವರಿಂದ ಕಲಿತ ಅಮೆರಿಕದ ಜೂಡಿತ್ ಹ್ಯಾನ್ಸನ್ ಲ್ಯಾಸಟರ್ ವಿಶ್ರಾಂತಿಯ ಭಾಗವನ್ನೇ ಬೆಳೆಸಿ 1995ರಲ್ಲಿ ಪುಸ್ತಕ ಬರೆದರು.

ಸರಿ, ಮೊದಲ ದಿನ ಏನಾಗುತ್ತೆ? ಬೆನ್ನಿನ ಉದ್ದಕ್ಕೆ ದಿಂಬಿಟ್ಟು ಒರಗಿ, ಅಂಗಾಲು ಜೋಡಿಸಿ, ಮಂಡಿಗಳ ಕೆಳಗೆ ಆಸರೆ ಕೊಡ್ತಾರೆ. ಇದು ಸುಪ್ತ ಬದ್ಧಕೋನಾಸನ. ಎರಡು ನಿಮಿಷ ಹಾಯೆನಿಸುತ್ತೆ. ಆಮೇಲೆ ಮೂಗು ಕೆರೆಯುತ್ತೆ, ಕಳಿಸದ ಮೇಲ್ ನೆನಪಾಗುತ್ತೆ, ಕೈ ಫೋನ್ ಹುಡುಕುತ್ತೆ. ಎಲ್ಲರಿಗೂ ಹೀಗೇ. ನಿದ್ದೆ ಹತ್ತಿದರೆ ತಪ್ಪಿಲ್ಲ, ಕೆಲವರಿಗೆ ಅಳುವೂ ಬರುತ್ತೆ. ಕಣ್ಣು ಮುಚ್ಚಿದರೆ ಆತಂಕ ಆಗುವವರು ತೆರೆದೇ ಇರಲಿ. ನೋವಾದರೆ ಸಹಿಸಬೇಡಿ, ದಿಂಬು ಸರಿಸಿ. ಗರ್ಭಿಣಿಯರು, ಗ್ಲಾಕೋಮಾ ಇರುವವರು ಮೊದಲೇ ವೈದ್ಯರನ್ನು ಕೇಳಬೇಕು. ತೂಕ ಇಳಿಸೋಕೆ ಬಂದವರಿಗೆ ನಿರಾಸೆ ಖಚಿತ.

ಇನ್ನೊಂದು ನಿರೀಕ್ಷೆಯನ್ನೂ ಬಾಗಿಲಲ್ಲೇ ಬಿಡುವುದು ಒಳ್ಳೆಯದು. ವಾರಕ್ಕೆ 70 ಗಂಟೆ ದುಡಿಯಿರಿ ಅಂತ 2023ರಲ್ಲಿ ನಾರಾಯಣಮೂರ್ತಿ ಹೇಳಿದರು. ಮರುವರ್ಷ ಕರ್ನಾಟಕದಲ್ಲಿ ಐಟಿ ನೌಕರರ ದಿನವನ್ನು 14 ಗಂಟೆಗೆ ಹಿಗ್ಗಿಸುವ ಪ್ರಸ್ತಾವ ಬಂತು. ನೌಕರರ ಸಂಘ ಬೀದಿಗಿಳಿಯಬೇಕಾಯಿತು. ದಣಿದ ಮೈಗೆ ದಿಂಬು ಉಸಿರಾಡಲು ಬಿಡುವು ಕೊಟ್ಟೀತು, ಆದರೆ ಶಿಫ್ಟ್ ಕಡಿಮೆ ಮಾಡಲ್ಲ. ಕೆಲಸದ ಅವಧಿಯ ಪ್ರಶ್ನೆಗೆ ‘ವೆಲ್‌ನೆಸ್’ ಕ್ಲಾಸ್ ತೋರಿಸಿದರೆ ನಂಬಬೇಡಿ.

ಹಾಗಂತ ಕಲಿಯಬಾರದೇ? ಕಲಿಯಿರಿ, ದುಬಾರಿ ಸಾಮಾನೇನೂ ಬೇಕಿಲ್ಲ. ರಾತ್ರಿ ಆಫೀಸ್ ಗ್ರೂಪ್ ಮ್ಯೂಟ್ ಮಾಡಿ, ಚಾಪೆ ಹಾಸಿ, ಕಾಲನ್ನು ಗೋಡೆಗೆ ಒರಗಿಸಿ 5 ನಿಮಿಷ ಮಲಗಿ. ಏಳುವಾಗ ಗಡಬಡಿಸದೆ ಒಂದು ಮಗ್ಗುಲಿಗೆ ಹೊರಳಿ, ಸ್ವಲ್ಪ ಹೊತ್ತು ಹಾಗೇ ಇದ್ದು, ಕೈಯೂರಿ ಏಳಿ.