ಎಲ್ಲಮ್ಮನ ಗುಡ್ಡದ ಚಕ್ಕಡಿ ಯಾತ್ರೆ

ಎಲ್ಲಮ್ಮನ ಗುಡ್ಡದ ಚಕ್ಕಡಿ ಯಾತ್ರೆಯು ಬೆಳಗಾವಿ ಜಿಲ್ಲೆಯ ಸವದತ್ತಿಯಿಂದ ಸುಮಾರು 5 ಕಿ.ಮೀ. ದೂರದ ರೇಣುಕಾ ಎಲ್ಲಮ್ಮ ದೇವಾಲಯಕ್ಕೆ ಭಕ್ತರು ಎತ್ತಿನ ಬಂಡಿಗಳಲ್ಲಿ ಸಾಲುಗೂಡಿ ತೆರಳುವ ಸಂಪ್ರದಾಯ. ಬನದ ಹುಣ್ಣಿಮೆ ಹಾಗೂ ಭಾರತ ಹುಣ್ಣಿಮೆಯ ಜಾತ್ರೆಗಳು ಇದಕ್ಕೆ ಮುಖ್ಯ ಕಾಲ. ಬೈಲಹೊಂಗಲ, ಕಿತ್ತೂರು, ರಾಮದುರ್ಗ ಸೀಮೆಗಳಿಂದಲ್ಲದೆ ಮಹಾರಾಷ್ಟ್ರದಿಂದಲೂ ಭಕ್ತರು ಬರುತ್ತಾರೆ.

ಯಾತ್ರೆಯ ಬಂಡಿಗೆ ಬಿಸಿಲು, ಇಬ್ಬನಿ ತಾಗದಂತೆ ಕೊಲ್ಲಾರಿ ಕಟ್ಟುತ್ತಾರೆ. ಎತ್ತುಗಳಿಗೆ ಝೂಲ, ಗೆಜ್ಜೆಸರ, ಕೋಡಣಸುಗಳ ಅಲಂಕಾರ. ಆದರೆ ದೂರದ ದಾರಿಯಲ್ಲಿ ಬಂಡಿಯ ಮಾನ ಕಾಯುವುದು ಗಾಲಿಯೇ. ಕಬ್ಬಿಣದ ಹಳಿಯನ್ನು ಬೆಂಕಿಯಲ್ಲಿ ಕಾಯಿಸಿ, ಹಿಗ್ಗಿದಾಗ ಮರದ ಗಾಲಿಗೆ ತೊಡಿಸಿ ನೀರು ಸುರಿಯುತ್ತಾರೆ. ತಣಿದ ಹಳಿ ಕುಗ್ಗಿ ಗಾಲಿಯನ್ನು ಬಿಗಿಯುತ್ತದೆ. ಕಟ್ಟಿಗೆ ಒಣಗಿದರೆ ಹಳಿ ಸಡಿಲವಾಗಿ ನಡುದಾರಿಯಲ್ಲೇ ಕಳಚಬಹುದು. ಆದ್ದರಿಂದ ಹೊರಡುವ ಮುನ್ನ ಗಾಲಿಯನ್ನು ಬಡಿಗ, ಕಮ್ಮಾರರಿಗೆ ತೋರಿಸಿ, ಅಚ್ಚಿಗೆ ಕೀಲೆಣ್ಣೆ ಹಾಕುವುದು ವಾಡಿಕೆ.

ಲಂಡನ್ನಿನಿಂದ ಬ್ರೈಟನ್ನಿಗೆ ಪ್ರತಿವರ್ಷ ನವೆಂಬರಿನಲ್ಲಿ ಸಾಗುವ ಹಳೆಯ ಕಾರುಗಳ ಓಟವು 1896ರ ಓಟವೊಂದರ ಸ್ಮರಣೆ. ಅಲ್ಲಿ 1905ಕ್ಕಿಂತ ಮುಂಚಿನ ಕಾರುಗಳನ್ನು ಅದಕ್ಕೆಂದೇ ಜೋಪಾನ ಮಾಡಿರುತ್ತಾರೆ. ಚಕ್ಕಡಿಗೆ ಅಂತಹ ರಕ್ಷಣೆಯಿಲ್ಲ. ಅದು ಹೊಲದ ದುಡಿಮೆಯ ಬಂಡಿ; ಹೊಲಕ್ಕೆ ಟ್ರ್ಯಾಕ್ಟರ್ ಬಂದಲ್ಲಿ ಎತ್ತು ಸಾಕುವುದೇ ದುಬಾರಿಯಾಗಿದೆ, ಗಾಲಿಯ ಬಡಿಗರಿಗೆ ಕೆಲಸ ತಪ್ಪಿದೆ. ಈಗ ಬಹಳಷ್ಟು ಭಕ್ತರು ಬಸ್ಸು, ಟ್ರ್ಯಾಕ್ಟರ್‌ಗಳಲ್ಲಿ ಬರುತ್ತಾರೆ. ಟ್ರೇಲರಿಗೂ ಕೊಲ್ಲಾರಿಯಂತೆ ಮೇಲ್ಹೊದಿಕೆ ಕಟ್ಟುವುದುಂಟು.

ಜೋಗುಳಬಾವಿಯಲ್ಲಿ ಸ್ನಾನ ಮುಗಿಸಿ ಭಕ್ತರು ಗುಡ್ಡ ಏರುತ್ತಾರೆ. ಬಿಡಾರದ ಬಳಿ ಎತ್ತುಗಳ ಕೊರಳು ಬಿಚ್ಚಿ, ಒಲೆ ಹೂಡಿ, ಹೋಳಿಗೆ, ಕಡಬುಗಳ ನೈವೇದ್ಯ ಮಾಡಿ ಪರಡಿ ತುಂಬಿಸುತ್ತಾರೆ.