ಹಾಸು ಹೂಡುವ ಮುನ್ನ

ಗದಗ ಮತ್ತು ಬೆಟಗೇರಿ ಒಂದೇ ನಗರಸಭೆಗೆ ಸೇರಿದ ಜೋಡಿ ಊರುಗಳು. ಗದಗಿಗೆ ಮುದ್ರಣಾಲಯಗಳು ಹೆಸರು ತಂದರೆ ಬೆಟಗೇರಿಗೆ ಕೈಮಗ್ಗಗಳು ಹೆಸರು ತಂದುವು. ದಾರಿಯಲ್ಲಿ ಮಗ್ಗದ ಸಪ್ಪಳವನ್ನು ಕೇಳುತ್ತ ಹೋಗುವವನಿಗೆ ನೇಯ್ಗೆ ಕೇವಲ ಕೈಚಳಕದ ಕಸುಬೆಂದು ತೋರಬಹುದು. ವಾಸ್ತವವಾಗಿ ಅದು ಮೊದಲು ಲೆಕ್ಕದ ಕಸುಬು. ಲಾಳಿ ಒಮ್ಮೆಯಾದರೂ ಓಡುವ ಮುನ್ನವೇ, ಬಟ್ಟೆಯ ಅಗಲಕ್ಕೆ ಎಷ್ಟು ಎಳೆಗಳು ಬೇಕು, ಒಂದೊಂದು ಎಳೆಯೂ ಎಷ್ಟು ಉದ್ದವಿರಬೇಕು ಎಂಬುದನ್ನು ನೇಕಾರನು ನಿಶ್ಚಯಿಸಬೇಕಾಗುತ್ತದೆ. ಹಾಸಿಗೆ 3,000 ಎಳೆಗಳು, ಎಳೆಯೊಂದಕ್ಕೆ 6 ಮೀಟರು ಉದ್ದ ಎಂದಿಟ್ಟುಕೊಂಡರೆ 18,000 ಮೀಟರು ನೂಲು ಮೊದಲೇ ಸಿದ್ಧವಿರಬೇಕು. ಹೊಕ್ಕಿನ ನೂಲು ತೀರಿದರೆ ಮತ್ತೊಂದು ಕಂಡಿಕೆಯನ್ನು ತುಂಬಿಕೊಳ್ಳಬಹುದು. ಹಾಸೇ ಕಡಮೆಯಾದರೆ ನೇಯ್ಗೆ ಅಲ್ಲಿಗೇ ನಿಲ್ಲುತ್ತದೆ.

ಇಂಥದೇ ಲೆಕ್ಕವೊಂದು ನಮ್ಮ ಕಾಲದ ವಿಡಿಯೊ ಕ್ಯಾಮೆರಗಳ ಒಳಗೂ ನಡೆಯುತ್ತಿದೆ. ಹಾಸು ಹೊಕ್ಕುಗಳು ಕೂಡುವ ಒಂದೊಂದು ಸ್ಥಾನದಲ್ಲಿಯೂ ಬಟ್ಟೆಯ ಒಂದು ಚುಕ್ಕೆ ಮೂಡುವಂತೆ, ಕ್ಯಾಮೆರದ ಚಿತ್ರವೂ ಅಡ್ಡಸಾಲು ನೀಟಸಾಲುಗಳಲ್ಲಿ ಜೋಡಿಸಿದ ಚುಕ್ಕೆಗಳಿಂದಲೇ ಆದುದು. ಈ ಚುಕ್ಕೆಗೆ ಪಿಕ್ಸೆಲ್ ಅಥವಾ ಚಿತ್ರಬಿಂದು ಎಂದು ಹೆಸರು. ಸಾಲಿಗೆ 640 ಬಿಂದುಗಳಂತೆ 480 ಸಾಲುಗಳಿದ್ದರೆ ಒಂದು ಚಿತ್ರದಲ್ಲಿ 3,07,200 ಬಿಂದುಗಳಾಗುತ್ತವೆ. ಕ್ಯಾಮೆರ ಇಂಥ ಚಿತ್ರಗಳನ್ನು ಸೆಕೆಂಡಿಗೆ 25 ಅಥವಾ 30ರಂತೆ ಕಳುಹಿಸುತ್ತಲೇ ಇರುತ್ತದೆ. ಅವನ್ನು ಇಳಿಸಿಕೊಳ್ಳಲು ಗಣಕಯಂತ್ರದ ಸ್ಮರಣೆಯಲ್ಲಿ ಮೊದಲೇ ಸ್ಥಳವನ್ನು ಕಾಯ್ದಿರಿಸಬೇಕು. ಈ ಸ್ಥಳಕ್ಕೆ ಬಫರು ಎನ್ನುತ್ತಾರೆ. ಕ್ಯಾಮೆರಕ್ಕೂ ಗಣಕಯಂತ್ರಕ್ಕೂ ನಡುವೆ ನಿಂತು ಈ ಏರ್ಪಾಡನ್ನು ಮಾಡುವ ತಂತ್ರಾಂಶವೇ ಡ್ರೈವರ್.

ಹಾಗಾದರೆ ಬಫರು ಎಷ್ಟು ದೊಡ್ಡದಿರಬೇಕು? ಬಿಂದುಗಳ ಸಂಖ್ಯೆಯೊಂದರಿಂದಲೇ ಇದು ತಿಳಿಯದು. ಒಂದೊಂದು ಬಿಂದುವನ್ನೂ ಹೇಗೆ ಬರೆದಿಡಲಾಗುತ್ತದೆ ಎಂಬುದೂ ತಿಳಿಯಬೇಕು. ಕೆಂಪು, ಹಸಿರು, ನೀಲಿಗಳಿಗೆ ಒಂದೊಂದು ಬೈಟನ್ನು ಕೊಟ್ಟರೆ ಬಿಂದುವಿಗೆ 3 ಬೈಟು ಬೇಕು. ಆಗ ನಮ್ಮ ಚಿತ್ರಕ್ಕೆ 9,21,600 ಬೈಟುಗಳ ಸ್ಥಳ ಬೇಕಾಗುತ್ತದೆ.

ಇದಕ್ಕಿಂತ ಮಿತವ್ಯಯದ ದಾರಿಯೊಂದುಂಟು. ಮನುಷ್ಯನ ಕಣ್ಣು ಹೊಳಪಿನ ವ್ಯತ್ಯಾಸವನ್ನು ಸೂಕ್ಷ್ಮವಾಗಿ ಗುರುತಿಸುತ್ತದೆ. ಬಣ್ಣದ ವ್ಯತ್ಯಾಸವನ್ನು ಅಷ್ಟು ಸೂಕ್ಷ್ಮವಾಗಿ ಗುರುತಿಸದು. ಆದುದರಿಂದ ಹೊಳಪನ್ನು ಬೇರೆಯಾಗಿಯೂ ಬಣ್ಣವನ್ನು ಬೇರೆಯಾಗಿಯೂ ಬರೆದು, ಬಣ್ಣದ ಅಂಶವನ್ನು ಅಕ್ಕಪಕ್ಕದ ಬಿಂದುಗಳಿಗೆ ಹಂಚಿಕೊಡಬಹುದು. ಹೀಗೆ ಬೇರ್ಪಡಿಸುವ ಕ್ರಮ ದೂರದರ್ಶನದಿಂದ ಬಂದುದು. ಭಾರತದಲ್ಲಿ 1982ರಲ್ಲಿ ವರ್ಣಪ್ರಸಾರ ಆರಂಭವಾದಾಗಲೂ ಮನೆಗಳಲ್ಲಿದ್ದ ಕಪ್ಪುಬಿಳುಪಿನ ಪೆಟ್ಟಿಗೆಗಳು ವ್ಯರ್ಥವಾಗಲಿಲ್ಲ. ಅವು ಹೊಳಪಿನ ಅಂಶವನ್ನು ಮಾತ್ರ ತೆಗೆದುಕೊಂಡು ಚಿತ್ರವನ್ನು ತೋರಿಸುತ್ತಿದ್ದುವು.

ವೈಯುವೈವಿ ಎಂಬ ಕ್ರಮದಲ್ಲಿ ಎರಡು ಬಿಂದುಗಳಿಗೆ ಎರಡು ಹೊಳಪಿನ ಬೈಟುಗಳೂ ಇಬ್ಬರಿಗೂ ಸಮಾನವಾದ ಎರಡು ಬಣ್ಣದ ಬೈಟುಗಳೂ ಇರುತ್ತವೆ. ಎಂದರೆ ಬಿಂದುವಿಗೆ 2 ಬೈಟು, ಒಟ್ಟು 6,14,400. ಎನ್‌ವಿ 12 ಎಂಬ ಕ್ರಮದಲ್ಲಿ ನಾಲ್ಕು ಬಿಂದುಗಳು ಎರಡು ಬಣ್ಣದ ಬೈಟುಗಳನ್ನು ಹಂಚಿಕೊಳ್ಳುತ್ತವೆ. ನಾಲ್ಕಕ್ಕೆ ಆರು ಬೈಟೆಂದರೆ ಬಿಂದುವಿಗೆ ಒಂದೂವರೆ, ಒಟ್ಟು 4,60,800. ಮೊದಲಿನ ಲೆಕ್ಕದ ಅರ್ಧದಷ್ಟೇ ಸ್ಥಳ ಸಾಕಾಯಿತು. ಆದರೂ ನೋಡುವವನ ಕಣ್ಣಿಗೆ ಚಿತ್ರ ಬಹುಮಟ್ಟಿಗೆ ಹಾಗೆಯೇ ಇರುತ್ತದೆ.

ಇಷ್ಟಕ್ಕೆ ಲೆಕ್ಕ ಮುಗಿಯಲಿಲ್ಲ. ಸೀರೆಯ ಅಗಲವನ್ನು ಎಣಿಸುವಾಗ ಒಡಲಿನ ಎಳೆಗಳನ್ನು ಮಾತ್ರ ಎಣಿಸಿ ಅಂಚಿನ ಎಳೆಗಳನ್ನು ಬಿಟ್ಟರೆ ಏನಾದೀತು? ಚಿತ್ರದ ಸಾಲಿಗೂ ಅಂಥದೊಂದು ಅಂಚು ಉಂಟು. ಅನೇಕ ಯಂತ್ರಗಳಲ್ಲಿ ಪ್ರತಿಯೊಂದು ಸಾಲೂ 64ರಂಥ ಒಂದು ಸಂಖ್ಯೆಯಿಂದ ನಿಶ್ಶೇಷವಾಗಿ ಭಾಗವಾಗುವ ಸ್ಥಾನದಲ್ಲಿಯೇ ಆರಂಭವಾಗಬೇಕು. ಸಾಲಿಗೆ 500 ಬಿಂದುಗಳಂತೆ 400 ಸಾಲುಗಳುಳ್ಳ ಚಿತ್ರವನ್ನು ಬಿಂದುವಿಗೆ 3 ಬೈಟಿನಂತೆ ಬರೆದರೆ ಒಂದು ಸಾಲಿಗೆ 1,500 ಬೈಟುಗಳಾದುವು. ಇದು 64ರಿಂದ ಭಾಗವಾಗದು. ಆದುದರಿಂದ ಯಂತ್ರವು 36 ಬೈಟುಗಳನ್ನು ಬರಿದಾಗಿ ಬಿಟ್ಟು, ಸಾಲನ್ನು 1,536ಕ್ಕೆ ಮುಗಿಸುತ್ತದೆ. ಹೀಗಾಗಿ ಬೇಕಾದ ಸ್ಥಳ 6,00,000 ಅಲ್ಲ, 6,14,400.

ಕಣ್ಣಿಗೆ ಕಾಣದ ಈ 36 ಬೈಟುಗಳನ್ನು ಮರೆತರೆ ಎರಡು ಬಗೆಯ ಕೇಡು. ಚಿತ್ರವನ್ನು ಓದುವವನು ಸಾಲು 1,500ಕ್ಕೇ ಮುಗಿಯಿತೆಂದು ತಿಳಿದರೆ, ಪ್ರತಿ ಸಾಲೂ ಹಿಂದಿನದಕ್ಕಿಂತ 12 ಬಿಂದುಗಳಷ್ಟು ಸರಿಯುತ್ತ ಹೋಗಿ ನೆಟ್ಟಗಿರುವ ಕಂಬವೂ ಓರೆಯಾಗಿ ಕಾಣುತ್ತದೆ. ಇದು ಕಣ್ಣಿಗೆ ಬೀಳುವ ತಪ್ಪು, ತಿದ್ದಬಹುದು. ಬಫರನ್ನೇ ಚಿಕ್ಕದಾಗಿ ಕಾಯ್ದಿರಿಸಿದರೆ ಉಳಿದ 14,400 ಬೈಟುಗಳು ನೆರೆಯ ಸ್ಥಳಕ್ಕೆ ಹರಿದು, ಅಲ್ಲಿರುವ ಬೇರೆ ಮಾಹಿತಿಯನ್ನು ಅಳಿಸಿಬಿಡಬಹುದು. ಆಗ ಯಂತ್ರ ನಿಂತುಹೋಗಬಹುದು. ಅಥವಾ ದುರುದ್ದೇಶವುಳ್ಳವರು ಒಳನುಗ್ಗಲು ದಾರಿಯಾಗಬಹುದು.

ಗುಣಾಕಾರದಲ್ಲಿಯೂ ಒಂದು ಅಪಾಯ ಅಡಗಿದೆ. 32 ಬಿಟ್‌ಗಳ ಎಣಿಕೆಯಲ್ಲಿ 4,29,49,67,295ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸದು. ಅಂಥ ಎಣಿಕೆಯಲ್ಲಿ 65,536ನ್ನು 65,536ರಿಂದ ಗುಣಿಸಿದರೆ ಉತ್ತರ ಸೊನ್ನೆಯೆಂದು ಬರುತ್ತದೆ. 2015ರಲ್ಲಿ ಆಂಡ್ರಾಯ್ಡ್ ಫೋನುಗಳಲ್ಲಿ ವಿಡಿಯೊ ಕಡತಗಳನ್ನು ಓದುವ ಸ್ಟೇಜ್‌ಫ್ರೈಟ್ ಎಂಬ ಭಾಗದಲ್ಲಿ ಗಂಭೀರ ದೋಷಗಳು ಬೆಳಕಿಗೆ ಬಂದುವು. ಸ್ಥಳದ ಅಳತೆಯನ್ನು ಗುಣಿಸುವಾಗ ಸಂಖ್ಯೆ ಹೀಗೆ ಉಕ್ಕಿ ಚಿಕ್ಕದಾಗುತ್ತಿದ್ದುದು ಆ ದೋಷಗಳಲ್ಲಿ ಒಂದು.

ಈ ಕಾರಣಗಳಿಂದಲೇ ಅಳತೆಯನ್ನು ಊಹಿಸಬಾರದು, ಕೇಳಿ ತಿಳಿಯಬೇಕೆಂಬ ನಿಯಮ ನೆಲೆಗೊಂಡಿದೆ. ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಗೆ 2002ರಲ್ಲಿ ಸೇರಿದ ‘ವಿಡಿಯೊ ಫಾರ್ ಲಿನಕ್ಸ್’ ಏರ್ಪಾಡಿನ ಎರಡನೆಯ ಆವೃತ್ತಿಯಲ್ಲಿ, ಡ್ರೈವರ್ ತಾನೇ ಎರಡು ಸಂಖ್ಯೆಗಳನ್ನು ತಿಳಿಸುತ್ತದೆ: ಅಂಚೂ ಸೇರಿ ಒಂದು ಸಾಲಿಗೆ ಎಷ್ಟು ಬೈಟು, ಇಡೀ ಚಿತ್ರಕ್ಕೆ ಎಷ್ಟು ಬೈಟು. ಚಿತ್ರವನ್ನು ಅಡಕಗೊಳಿಸಿ ಕಳುಹಿಸುವ ಕ್ಯಾಮೆರಗಳಲ್ಲಿ ಪ್ರತಿ ಚಿತ್ರದ ಗಾತ್ರವೂ ಬೇರೆ ಬೇರೆ. ಅಲ್ಲಿ ಎರಡನೆಯ ಸಂಖ್ಯೆ ಗರಿಷ್ಠ ಮಿತಿಯನ್ನು ಸೂಚಿಸುತ್ತದೆ.

ಬೆಟಗೇರಿಯ ನೇಕಾರನ ಮಗ್ಗಕ್ಕೂ ಈ ಯಂತ್ರಕ್ಕೂ ವೇಗದಲ್ಲಿ ಹೋಲಿಕೆಯಿಲ್ಲ. ಒಂದು ಸೀರೆಗೆ ದಿನಗಳು ಹಿಡಿದರೆ ಒಂದು ಚಿತ್ರಕ್ಕೆ ಸೆಕೆಂಡಿನ ಮೂವತ್ತನೆಯ ಒಂದು ಭಾಗ ಸಾಕು. ಆದರೆ ಕೆಲಸಕ್ಕೆ ತೊಡಗುವ ಮುನ್ನ ಇಬ್ಬರೂ ಮಾಡಬೇಕಾದುದು ಒಂದೇ: ಒಡಲನ್ನೂ ಅಂಚನ್ನೂ ಬಿಡದೆ ಎಣಿಸಿ, ಸಾಲುವಷ್ಟನ್ನು ಸಿದ್ಧಮಾಡಿಕೊಳ್ಳುವುದು.