ಏಳದ ಗಣಕಯಂತ್ರ

ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದ ನೀರು ಗೋಕಾಕದ ಬಳಿಯ ಧೂಪದಾಳ ಒಡ್ಡಿಗೆ ಬಂದು, ಅಲ್ಲಿಂದ ಎಡದಂಡೆ ಕಾಲುವೆ ಹಿಡಿದು ಮೂಡಲಗಿಯ ಸೀಮೆಗೆ ಹರಿಯುತ್ತದೆ. ಕಾಲುವೆಯ ಬಾಗಿಲು ಮುಚ್ಚಿ ಹೊಲ ಒಣಗಿದರೆ ಜಲಾಶಯವೇ ಬತ್ತಿತೆಂದು ಯಾವ ರೈತನೂ ಹೇಳುವುದಿಲ್ಲ. ಗಣಕಯಂತ್ರ ಏಳದಿದ್ದಾಗ ಮಾತ್ರ ಒಳಗಿದ್ದುದೆಲ್ಲ ಹೋಯಿತೆಂದು ನಾವು ಕಂಗೆಡುತ್ತೇವೆ.

ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇರಿಸಿಕೊಂಡವರಿಗೆ ಈ ಗಾಬರಿ ಹೆಚ್ಚು. ತಂದೆಗೆ 'ನುಡಿ'ಯಲ್ಲಿ ಅರ್ಜಿ ಬರೆಯಲು ವಿಂಡೋಸ್ ಬೇಕು; ಕಾಲೇಜಿನ ಮಗಳಿಗೆ ಲಿನಕ್ಸ್ ಬೇಕು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತ ಮೇಲಂತೂ ಹಳೆಯ ಯಂತ್ರಗಳಿಗೆ ಲಿನಕ್ಸ್ ಒಂದು ಆಸರೆಯಾಗಿದೆ.

ಗುಂಡಿ ಒತ್ತಿದೊಡನೆ ಮೊದಲು ಎಚ್ಚರಗೊಳ್ಳುವುದು ಮದರ್‌ಬೋರ್ಡಿನಲ್ಲಿ ನೆಲೆಸಿದ ಯುಇಎಫ್‌ಐ. ಅದು ಡಿಸ್ಕಿನ ಒಂದು ಪುಟ್ಟ ವಿಭಾಗದಲ್ಲಿ ಬೂಟ್‌ಲೋಡರನ್ನು ಹುಡುಕುತ್ತದೆ. ಲಿನಕ್ಸಿನ ಬೂಟ್‌ಲೋಡರಾದ 'ಗ್ರಬ್' ಸಿಕ್ಕರೆ, ಅದು ಎರಡೂ ಹೆಸರು ತೋರಿಸಿ ಆಯ್ಕೆಯನ್ನು ನಮಗೆ ಬಿಡುತ್ತದೆ. ಆದುದರಿಂದ ಯಂತ್ರ ಎಲ್ಲಿ ನಿಂತಿತೆಂಬುದೇ ಮೊದಲ ಪ್ರಶ್ನೆ.

ನೇರವಾಗಿ ವಿಂಡೋಸ್ ತೆರೆದುಕೊಂಡರೆ ಲಿನಕ್ಸ್ ಅಳಿದಿದೆಯೆಂದಲ್ಲ. ಬೂಟ್ ಸರದಿ ಬದಲಾಗಿರಬಹುದು. ಯುಇಎಫ್‌ಐ ಸೆಟ್ಟಿಂಗಿಗೆ ಹೋಗಿ ಲಿನಕ್ಸಿನ ಹೆಸರನ್ನು ಮೇಲಕ್ಕೇರಿಸಿದರಾಯಿತು. ಗ್ರಬ್ ಬಂದು ವಿಂಡೋಸಿನ ಹೆಸರು ಕಾಣದಿದ್ದರೆ, 2021ರಲ್ಲಿ ಬಂದ ಅದರ 2.06ನೆಯ ಆವೃತ್ತಿಯಿಂದೀಚೆಗೆ ಇತರ ವ್ಯವಸ್ಥೆಗಳನ್ನು ಹುಡುಕುವ 'ಓಎಸ್-ಪ್ರೋಬರ್' ತಾನಾಗಿ ನಡೆಯುವುದಿಲ್ಲವೆಂಬುದನ್ನು ನೆನೆಯಬೇಕು. ಅದಕ್ಕೆ ಅನುಮತಿ ಕೊಟ್ಟು ಪಟ್ಟಿಯನ್ನು ಮರುರಚಿಸಬೇಕು. 'ಗ್ರಬ್ ರೆಸ್ಕ್ಯೂ' ಎಂದಷ್ಟೇ ಬಂದರೆ, ಪೆನ್‌ಡ್ರೈವಿನಿಂದ ಲಿನಕ್ಸ್ ನಡೆಸಿ ಗ್ರಬ್ಬನ್ನು ಮತ್ತೆ ಸ್ಥಾಪಿಸಬೇಕು. ಆಗ ವಿಂಡೋಸ್ ಯುಇಎಫ್‌ಐ ಕ್ರಮದಲ್ಲಿದ್ದರೆ ಪೆನ್‌ಡ್ರೈವನ್ನೂ ಅದೇ ಕ್ರಮದಲ್ಲಿ ಎಬ್ಬಿಸಬೇಕು.

ಇನ್ನೊಂದು ತೊಡಕು ಕಾವಲುಗಾರನದು. 'ಸೆಕ್ಯೂರ್ ಬೂಟ್' ನಂಬಿಕಸ್ಥ ಬೂಟ್‌ಲೋಡರುಗಳನ್ನಷ್ಟೇ ಒಳಗೆ ಬಿಡುತ್ತದೆ. 2024ರ ಆಗಸ್ಟ್ ತಿಂಗಳ ವಿಂಡೋಸ್ ಪರಿಷ್ಕರಣೆಯ ತರುವಾಯ ಜಗತ್ತಿನಾದ್ಯಂತ ಅನೇಕ ಯಂತ್ರಗಳಲ್ಲಿ ಲಿನಕ್ಸ್ ಏಳದೆ ಹೋದದ್ದು ಹೀಗೆಯೇ. ಈ ಕಾವಲನ್ನು ಸಡಿಲಿಸುವ ಮೊದಲು ಬಿಟ್‌ಲಾಕರಿನ ಮರುಪ್ರಾಪ್ತಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಇಲ್ಲವಾದರೆ ವಿಂಡೋಸಿನ ಬಾಗಿಲೂ ಮುಚ್ಚೀತು.

ನನ್ನ ಬಿನ್ನಹ ಇಷ್ಟೆ: ಅಂಗಡಿಯವರು "ಫಾರ್ಮ್ಯಾಟ್ ಮಾಡಿಬಿಡೋಣ" ಎಂದಾಗ ಕೂಡಲೇ ತಲೆಯಾಡಿಸಬೇಡಿ. ಪೆನ್‌ಡ್ರೈವಿನ ಲಿನಕ್ಸಿನಿಂದ ಡಿಸ್ಕನ್ನು ತೆರೆದು, ಬೇಕಾದುದನ್ನು ಮೊದಲು ಬೇರೆಡೆಗೆ ನಕಲಿಸಿಕೊಳ್ಳಿ. ದಾರಿ ತಪ್ಪಿದ ಬೂಟ್‌ಲೋಡರನ್ನು ಮರಳಿ ತರಬಹುದು. ಅವಸರದಲ್ಲಿ ಅಳಿಸಿದ ತೀರಿಹೋದವರ ಭಾವಚಿತ್ರವನ್ನೋ, ಅಚ್ಚು ಕಾಣದ ಕಾದಂಬರಿಯನ್ನೋ ತಂದುಕೊಡುವವರು ಯಾರು?